ಎಂಟು ಸಾವಿರದ ನಾನೂರರ ಚುಕ್ಕೆ

ಮೂವತ್ತೊಂಬತ್ತು ಜನರ ಅಂಕಿಗಳು ಐವತ್ತರಿಂದ ಇನ್ನೂರರೊಳಗಿದ್ದವು. ನಲವತ್ತನೆಯವರದ್ದು ಎಂಟು ಸಾವಿರದ ನಾನೂರು.

ಯಂತ್ರ ಕೆಟ್ಟಿರಬೇಕು ಎಂದುಕೊಂಡು ಅದೇ ಸ್ಯಾಂಪಲನ್ನು ಇನ್ನೂ ಎರಡು ಸಲ ಓಡಿಸಿದೆ. ಅಂಕಿ ಅಲುಗಲಿಲ್ಲ.

ಪರೀಕ್ಷೆ ಇಷ್ಟೇ. ವಿಟಮಿನ್ ಕೆ ಸಾಕಷ್ಟಿಲ್ಲದಿದ್ದರೆ ಲಿವರ್, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಅರೆಬರೆ ಮಾಡಿ ಹೊರಬಿಡುತ್ತದೆ. ಆ ಅರೆಬರೆ ಸರಕನ್ನು ಅಳೆಯುವುದು ನನ್ನ ಕೆಲಸ. ಆರೋಗ್ಯವಂತರಲ್ಲಿ ಅದು ನಲವತ್ತರೊಳಗಿರುತ್ತದೆ. ಡಯಾಲಿಸಿಸ್‌ಗೆ ಬರುವವರಲ್ಲಿ ತುಸು ಹೆಚ್ಚು. ಪೊಟ್ಯಾಷಿಯಂ ಏರುತ್ತದೆಂದು ಅವರಿಗೆ ಸೊಪ್ಪು ಬಿಡಿಸಿರುತ್ತಾರೆ, ಸೊಪ್ಪಿನ ಜೊತೆಗೆ ವಿಟಮಿನ್ನೂ ಹೋಗುತ್ತದೆ. ನಲವತ್ತು ಜನರಲ್ಲಿ ಕೊರತೆ ಅಳೆದು, ಮೂರು ತಿಂಗಳು ವಿಟಮಿನ್ ಮಾತ್ರೆ ಕೊಟ್ಟು, ಮತ್ತೆ ಅಳೆಯುವುದು ನಮ್ಮ ದೊಡ್ಡ ಡಾಕ್ಟರ ಅಧ್ಯಯನ. ಮೊದಲ ರಕ್ತ ತೆಗೆದ ದಿನವೇ ಮಾತ್ರೆ ಹಂಚಿಯಾಗಿತ್ತು. ಅಳತೆಗೆ ಹತ್ತು ದಿನ ತಡವಾಯಿತು.

ವರದಿ ಕಳಿಸಿದ ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರು ನೆಲಮಾಳಿಗೆಯ ಲ್ಯಾಬಿಗೆ ಇಳಿದು ಬಂದರು. ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು. ಮೂತ್ರದ ಬಾಟಲಿಗಳ ವಾಸನೆಗೆ ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದರು.

"ಎಂಟು ಸಾವಿರ! ಲಾಟರಿ ಹೊಡೀತಲ್ಲಮ್ಮ!"

"ಸರ್, ಇಷ್ಟೊಂದು ಬರೋದು ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ. ಅದು ವಿಟಮಿನ್ ಕೆ ಕೆಲಸಾನೇ ತಡೆಯುತ್ತೆ. ಇಲ್ಲಾ ಲಿವರಲ್ಲಿ ಗಡ್ಡೆ ಇರೋರಿಗೆ."

"ಅಂಥೋರನ್ನ ಸೇರಿಸೇ ಇಲ್ಲ. ಫಾರಂ ಎಲ್ಲ ನಾನೇ ನೋಡಿದೀನಿ. ನಾಳೆ ಪೋಸ್ಟರ್ ಪ್ರಿಂಟಿಗೆ ಹೋಗುತ್ತೆ. ಗ್ರಾಫಿನ ಮೇಲ್ಗಡೆ ಮೂಲೇಲಿ ಒಂಟಿ ಚುಕ್ಕೆ! ಸಮ್ಮೇಳನಕ್ಕೆ ಬಂದೋರು ಬಾಯಿ ಬಿಟ್ಕೊಂಡು ನಿಲ್ಲಬೇಕು."

ಅವರು ಹೋದ ಮೇಲೆ, ಆ ನಲವತ್ತನೆಯವರು ಯಾರೆಂದು ಪಟ್ಟಿ ತೆಗೆದು ನೋಡಿದೆ. ಏಳನೇ ಹಾಸಿಗೆ. ಡಯಾಲಿಸಿಸ್ ಹಾಲಿನಲ್ಲಿ ಎಲ್ಲರೂ ಟಿಕ್‌ಟಿಕ್ ಮಾವ ಎಂದು ಕರೆಯುವ ಹಳೆಯ ಬಸ್ ಡ್ರೈವರ್. ಹೆಸರು ಕೇಳಿದ್ದೆ, ಮನುಷ್ಯನನ್ನು ನೋಡಿರಲಿಲ್ಲ. ಟ್ಯೂಬ್ ಹಿಡಿದು ಮೇಲೆ ಹೋದೆ.

ಅವರನ್ನು ಇನ್ನೂ ಯಂತ್ರಕ್ಕೆ ಜೋಡಿಸಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಹೆಂಡತಿ ಮಡಿಲಲ್ಲಿ ಬ್ಯಾಗ್ ಅಪ್ಪಿಕೊಂಡು ಕೂತಿದ್ದರು.

"ಬಾಮ್ಮ. ಮತ್ತೆ ರಕ್ತಾನಾ? ಒಂದು ಬಕೆಟ್ ಇಟ್ಟುಬಿಡು, ದಿನಾ ಬಂದು ಮೊಗೆದುಕೊಂಡು ಹೋಗು," ಎಂದರು ಮಾವ.

"ನಿಮಗ್ಯಾಕೆ ಮಾವ ಟಿಕ್‌ಟಿಕ್ ಅಂತಾರೆ?"

"ಹತ್ತಿರ ಬಂದು ಕೇಳು."

ಬಗ್ಗಿದೆ. ಅಂಗಿಯ ಒಳಗಿಂದ ಹಳೆಯ ಕೈಗಡಿಯಾರದಂಥ ಸದ್ದು ಸ್ಪಷ್ಟವಾಗಿ ಬರುತ್ತಿತ್ತು.

"ಹದಿನಾಲ್ಕು ವರ್ಷದಿಂದ ಈ ಸಂಗೀತ ಕೇಳ್ಕೊಂಡೇ ಮಲಗ್ತೀನಿ," ಎಂದರು ಹೆಂಡತಿ. "ಹೃದಯಕ್ಕೆ ಲೋಹದ ಕವಾಟ ಹಾಕಿದಾರೆ, ಬೇರೆ ಆಸ್ಪತ್ರೇಲಿ."

"ಹಾಗಾದ್ರೆ ರಕ್ತ ತೆಳು ಮಾಡೋ ಮಾತ್ರೆ..."

"ದಿನಾ ಸಂಜೆ ಆರಕ್ಕೆ. ತಪ್ಪಿಸಿದ್ರೆ ನಾನು ಬಿಡ್ತೀನಾ?" ಬ್ಯಾಗಿನಿಂದ ಆ ಮಾತ್ರೆಯ ಲೆಕ್ಕ ಬರೆದಿಡುವ ನೀಲಿ ಪುಸ್ತಕ ತೆಗೆದರು. ಜೊತೆಗೆ ನಮ್ಮ ವಿಟಮಿನ್ ಮಾತ್ರೆಯ ಪಟ್ಟಿಯೂ ಬಂತು. ಹತ್ತು ಗುಳಿ ಖಾಲಿ. "ಇದನ್ನೂ ಒಂದಿನ ತಪ್ಪಿಸಿಲ್ಲ," ಎಂದರು ಹೆಮ್ಮೆಯಿಂದ.

ಹದಿನಾಲ್ಕು ವರ್ಷ ತೆಳುವಾಗಿ ಕಾಪಾಡಿಕೊಂಡು ಬಂದ ರಕ್ತವನ್ನು ಹತ್ತು ದಿನದಿಂದ ನಾವು ಗಟ್ಟಿ ಮಾಡುತ್ತಿದ್ದೆವು. ಕವಾಟದ ಮೇಲೆ ಹೆಪ್ಪು ಕಟ್ಟಿ ಕಿತ್ತುಹೋದರೆ ಅದು ಮೆದುಳಿಗೆ ಹೋಗಿ ಕೂರಬಹುದು.

"ಫಾರಂ ತುಂಬುವಾಗ ಇದನ್ನ ಯಾರೂ ಕೇಳ್ಲಿಲ್ವಾ?"

"ಆ ಚಿಕ್ಕ ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಎಲ್ರೂ ಸೈನ್ ಮಾಡಿ ಅಂದ್ರು. ಮಾಡಿದ್ವಿ," ಎಂದರು ಮಾವ. "ಹತ್ತಿರ ಬಂದಿದ್ರೆ ಕೇಳೋದೇ ಬೇಕಿರ್ಲಿಲ್ಲ. ತಾನೇ ಕೇಳಿಸ್ತಿತ್ತು."

ಇನ್ನು ಒಂದು ವಿಟಮಿನ್ ಮಾತ್ರೆಯನ್ನೂ ನುಂಗಬೇಡಿ ಎಂದು ಹೇಳಿ ರಕ್ತ ತೆಗೆದುಕೊಂಡು ಓಡಿದೆ. ರಕ್ತ ಎಷ್ಟು ತೆಳುವಿದೆ ಎಂದು ಹೇಳುವ ಐಎನ್‌ಆರ್ ಅವರಿಗೆ ಎರಡೂವರೆಯಿಂದ ಮೂರೂವರೆ ಇರಬೇಕೆಂದು ಪುಸ್ತಕದಲ್ಲಿತ್ತು. ಬಂದದ್ದು ಒಂದೂವರೆ.

ದೊಡ್ಡ ಡಾಕ್ಟರ ಕೋಣೆಗೆ ಹೋಗುವ ದಾರಿಯಲ್ಲಿ, ಅವರ ಕೈಕೆಳಗಿನ ಚಿಕ್ಕ ಡಾಕ್ಟರಮ್ಮನ ಮೇಜಿನಿಂದ ಫಾರಂ ಫೈಲ್ ಎತ್ತಿಕೊಂಡೆ. ನಲವತ್ತಕ್ಕೂ ಒಂದೇ ಪೆನ್ನು, ಒಂದೇ ಉತ್ತರ. ಹೃದಯದ ಶಸ್ತ್ರಚಿಕಿತ್ಸೆ: ಇಲ್ಲ. ಬೇರೆ ಔಷಧ: ಇಲ್ಲ. ಸೊಪ್ಪು ತಿನ್ನುವುದು: ವಾರಕ್ಕೆ ಎರಡು ಸಲ. ಮೂಗಿಗೆ ಹಾಕಿದ ನಳಿಕೆಯಲ್ಲಿ ಗಂಜಿ ಕುಡಿಯುವ ಮೂರನೇ ಹಾಸಿಗೆಯ ಅಜ್ಜಿ ಕೂಡ ವಾರಕ್ಕೆ ಎರಡು ಸಲ ಸೊಪ್ಪು ತಿನ್ನುತ್ತಿದ್ದರು. ಎಂಟ್ಹತ್ತು ಹಾಳೆಗಳ ಅಂಚಿನಲ್ಲಿ ಎಣ್ಣೆಬೆರಳಿನ ಗುರುತು. ಊಟದ ಡಬ್ಬಿ ತೆರೆದಿಟ್ಟುಕೊಂಡೇ ತುಂಬಿದ್ದು.

ದೊಡ್ಡ ಡಾಕ್ಟರು ಫಾರಂ ಮುಟ್ಟಲಿಲ್ಲ. ಐಎನ್‌ಆರ್ ಮಾತ್ರ ನೋಡಿದರು. ಮುಖ ಒಂದು ಕ್ಷಣ ಬಿಳಿಚಿಕೊಂಡು ಮತ್ತೆ ಸರಿಯಾಯಿತು.

"ವಿಟಮಿನ್ ಮಾತ್ರೆ ನಿಲ್ಲಿಸಿ, ಕವಾಟ ಹಾಕಿದ ಆಸ್ಪತ್ರೆಗೆ ಈಗಲೇ ಕಳಿಸೋಣ. ಡಯಾಲಿಸಿಸ್ ಅಲ್ಲೇ ಮಾಡ್ತಾರೆ."

"ಪೋಸ್ಟರಿನ ಚುಕ್ಕೆ, ಸರ್?"

"ಚುಕ್ಕೆ ಸುಳ್ಳಾ? ನೀನೇ ಮೂರು ಸಲ ಅಳೆದಿದೀಯ." ಸಣ್ಣಗೆ ನಕ್ಕರು. "ನೋಡಮ್ಮ, ಕಳಿಸೋ ಚೀಟೀಲಿ ಐಎನ್‌ಆರ್ ಕಡಿಮೆ ಅಂತಷ್ಟೇ ಇರುತ್ತೆ. ವಿಟಮಿನ್ ಸುದ್ದಿ ಯಾಕೆ? ಆ ಮುದುಕರೂ ಹೆದರ್ತಾರೆ, ನಮಗೂ ತಲೆನೋವು."

"ಕಾರಣ ತಿಳೀದಿದ್ರೆ ಅವರು ರಕ್ತ ತೆಳು ಮಾಡೋ ಮಾತ್ರೇನ ಏರಿಸ್ತಾರೆ ಸರ್. ಆಮೇಲೆ ವಿಟಮಿನ್ ಇಳಿದಾಗ ರಕ್ತಸ್ರಾವ ಆಗುತ್ತೆ."

"ಡಾಕ್ಟ್ರು ನೀನೋ ನಾನೋ?" ಎಂದು ಪೆಪ್ಪರ್‌ಮಿಂಟ್ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಕೈ ತನ್ನಷ್ಟಕ್ಕೇ ಒಂದನ್ನು ತೆಗೆದು ಏಪ್ರನ್ ಜೇಬಿಗೆ ಹಾಕಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಅವರು ಕೊಟ್ಟದ್ದನ್ನು ಬೇಡ ಎಂದು ಅಂದೇ ಇರಲಿಲ್ಲ.

ಏಳನೇ ಹಾಸಿಗೆಯ ಹತ್ತಿರ ಆಂಬುಲೆನ್ಸಿನವರು ಸ್ಟ್ರೆಚರ್ ತಂದಿದ್ದರು. ನೀಲಿ ಪುಸ್ತಕ ಕೇಳಿ ಇಸಿದುಕೊಂಡೆ. ಅದರಲ್ಲಿ ಬರೆಯುವ ಅಧಿಕಾರ ಡಾಕ್ಟರಿಗೆ ಮಾತ್ರ. ದಿನಾಂಕ ಹಾಕಿ, ವಿಟಮಿನ್ ಕೆ ಮಾತ್ರೆ ಹತ್ತು ದಿನ ಕೊಟ್ಟಿದೆ, ನಮ್ಮ ತಪ್ಪಿನಿಂದ, ಎಂದು ಬರೆದೆ. ಮಾತ್ರೆಯ ಪ್ರಮಾಣ, ಇಂದಿನ ಐಎನ್‌ಆರ್, ಲ್ಯಾಬಿನ ಫೋನ್ ನಂಬರು, ಕೆಳಗೆ ನನ್ನ ಸಹಿ.

"ಏನು ಬರೆದೆ? ಓದಿ ಹೇಳು," ಎಂದರು ಮಾವನ ಹೆಂಡತಿ.

ಓದಿದೆ.

ಅವರು ಗುಳಿಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದರು. "ನನ್ನ ಕೈಯಾರೆ ಕೊಟ್ನಲ್ಲೇ," ಎಂದರು. ಆಮೇಲೆ ಖಾಲಿ ಗುಳಿಗಳ ಪಟ್ಟಿಯನ್ನು ಆ ಪುಟದಲ್ಲೇ ಇಟ್ಟು ಪುಸ್ತಕ ಮುಚ್ಚಿ, ಸೆರಗಿನೊಳಗೆ ಸಿಕ್ಕಿಸಿಕೊಂಡರು. "ನೀನು ನಮ್ಮನೆ ಮಗಳಿದ್ದಂಗೆ. ಆದ್ರೆ ಇನ್ಮೇಲೆ ಇಲ್ಲಿ ನೀರು ಕೊಟ್ರೂ ಕುಡಿಸಲ್ಲ."

"ಬಾರೇ, ಎದೇಲಿ ಗಾಡಿ ಇನ್ನೂ ಓಡ್ತಾ ಇದೆ," ಎಂದರು ಮಾವ ಸ್ಟ್ರೆಚರಿನಿಂದ.

ಸಂಜೆ ದೊಡ್ಡ ಡಾಕ್ಟರ ಫೋನ್ ಬಂತು. ವಿಟಮಿನ್ ಮಾತ್ರೆ ಯಾಕೆ ಕೊಟ್ಟಿರೆಂದು ಕವಾಟದ ಆಸ್ಪತ್ರೆಯವರು ಅವರನ್ನೇ ಕೇಳಿದ್ದರಂತೆ.

"ಪುಸ್ತಕದಲ್ಲಿ ನೀನು ಬರೆದ್ಯಾ?"

"ಹೌದು ಸರ್. ವರದಿಯಲ್ಲೂ ಎಂಟು ಸಾವಿರಕ್ಕೆ ಕಾರಣ ಬರೆದು, ಅಧ್ಯಯನಕ್ಕೆ ಅನುಮತಿ ಕೊಟ್ಟ ಸಮಿತಿಗೆ ಕಳಿಸಿದೀನಿ. ಫಾರಂಗಳ ನಕಲೂ ಇದೆ."

ರಿಸೀವರ್ ಇಟ್ಟೆ. ಜೇಬಿಗೆ ಕೈ ಹಾಕಿದರೆ ಪೆಪ್ಪರ್‌ಮಿಂಟ್ ಕರಗಿ ಬಟ್ಟೆಗೆ ಅಂಟಿತ್ತು. ಉಗುರಿನಿಂದ ಕೆರೆದು ತೆಗೆದು, ರಕ್ತದ ಹತ್ತಿ ಹಾಕುವ ಹಳದಿ ಬುಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದೆ.