ಹನ್ನೊಂದು ಹೇಸರಗತ್ತೆಗಳು

ನವೆಂಬರಿನ ಮೊದಲ ಮಂಜು ಹೆಪ್ಪುಗಟ್ಟಿದ ಬೆಳಿಗ್ಗೆ. ಕಲ್ಲಿದ್ದಲ ಗಣಿಯ ಬಾಯಿಗೆ ಹತ್ತಿರದ ಲಾಯದಲ್ಲಿ ಫಿಂಟನ್ ಡೀಸಿ ಹೇಸರಗತ್ತೆಯ ಗೊರಸನ್ನು ತೊಡೆಗಳ ನಡುವೆ ಇರುಕಿಸಿಕೊಂಡು, ಅಂಟಿದ ಕಪ್ಪು ಕೆಸರನ್ನು ಕೆರೆಯುತ್ತಿದ್ದ. ಹೇಸರಗತ್ತೆಗಳೆಲ್ಲ ಹೊಸವು, ಬೇಸಿಗೆಯಲ್ಲಿ ಬಂದವು. ಹಳೆಯವು ಏಪ್ರಿಲಿನ ಬೆಂಕಿಯಲ್ಲಿ ನೆಲದಡಿಯೇ ಸತ್ತಿದ್ದವು. ಅವುಗಳ ಜೊತೆ ಹತ್ತೊಂಬತ್ತು ಜನರೂ ಸತ್ತಿದ್ದರು.

"ಲೇ ಐರಿಷ್ ನಾಯಿ, ಕೆರೆದಿದ್ದು ಸಾಕು. ಕೈ ತೊಳ್ಕೊ. ಆ ಕೊಳಕು ಕೈನಾಗೆ ಚೀಟಿ ಹಿಡಿದ್ರೆ ಲಾಥ್ರಪ್ ಸಾಹೇಬ್ರ ಹೆಸ್ರಿಗೆ ಮಸಿ ಬಳ್ದಂಗಾಯ್ತದೆ."

ಮೇಸ್ತ್ರಿ ಪ್ರೈಸ್ ಹಳದಿ ಚೀಟಿಗಳ ಕಟ್ಟನ್ನು ಹುಲ್ಲಿನ ಮೇಲೆ ಎಸೆದ. ಅಂದು ಚುನಾವಣೆ. ಓಟಿನ ಚೀಟಿಗಳನ್ನು ಪಕ್ಷದವರೇ ಅಚ್ಚು ಹಾಕಿಸಿ ಹಂಚುತ್ತಿದ್ದರು. ಕಂಪನಿಯ ಕಡೆಯ ಲಾಥ್ರಪ್‌ನದು ಹಳದಿ, ಎದುರಾಳಿಯದು ಬಿಳಿ. ಗಣಿಯವರು ಹಳದಿ ಚೀಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದುಕೊಂಡೇ ಪೆಟ್ಟಿಗೆಯವರೆಗೆ ನಡೆಯಬೇಕು. ಎದುರಿನ ಕ್ಷೌರದಂಗಡಿಯ ಕಿಟಕಿಯಲ್ಲಿ ಪ್ರೈಸ್ ಕೂತು ನೋಡುತ್ತಿರುತ್ತಾನೆ. ಕೈ ಇಳಿಯಿತೋ, ಕೆಲಸವೂ ಹೋಯಿತು, ಕಂಪನಿಯ ಮನೆಯೂ ಹೋಯಿತು.

"ಎರಡು ವರ್ಷದ್ ಹಿಂದೆ ಎಂಗೆ ಸಾಲು ಹಿಡಿಸ್ದೆ, ಅಂಗೇ ಹಿಡಿಸು. ಗುಂಡಿಗಿಳಿಯೋನಿಗೆ ಈ ಮೇಲಿನ್ ಕೆಲ್ಸ ಯಾಕ್ ಸಿಕ್ತು, ನೆನಪೈತಾ?"

"ಐತೆ ಸ್ವಾಮಿ," ಎಂದ ಫಿಂಟನ್.

ನೆನಪಿಲ್ಲದೆ ಏನು? ಅವತ್ತು ಸಾಲಿನಲ್ಲಿ, ಜೊತೆಗೆ ಗಣಿಗಿಳಿಯುತ್ತಿದ್ದ ಟಿಮ್ ಕೀಲಿ ಬಿಳಿ ಚೀಟಿ ಕೇಳಿದ್ದ. "ಲಾಥ್ರಪ್ ಎದುರಿಗೆ ನಿಂತೋನು ಗಣಿಗೆ ಎರಡ್ನೇ ದಾರಿ ಮಾಡ್ಲೇಬೇಕು ಅಂತ ಕಾನೂನು ತತ್ತೀನಿ ಅಂತಾವ್ನೆ ಕಣಣ್ಣ. ಹತ್ತಿ ಇಳಿಯಾಕೆ ಇರೋದು ಒಂದೇ ಬಾವಿ. ಅದ್ಕೇ ಬೆಂಕಿ ಬಿದ್ರೆ? ನಾವೇನ್ ಇಲಿಗಳಾ, ಬಿಲ ಕೊರ್ಕೊಂಡ್ ಬರಾಕೆ?"

"ನಿನ್ನೊಂದು ಚೀಟಿಯಿಂದ ಏನ್ ಮುಳುಗೋಯ್ತದ್ಲಾ, ಎತ್ತು," ಎಂದು ಫಿಂಟನ್ ಅವನ ಮಣಿಕಟ್ಟು ಹಿಡಿದು, ಪೆಟ್ಟಿಗೆಯವರೆಗೂ ಮೇಲಕ್ಕೆತ್ತಿಕೊಂಡೇ ನಡೆಸಿದ್ದ.

ಲಾಥ್ರಪ್ ಗೆದ್ದ. ಎರಡನೇ ದಾರಿಯ ಮಸೂದೆ ಶಾಸನಸಭೆಗೆ ಬಂದ ದಿನ ಅವನೂ ಇನ್ನೂ ಹತ್ತು ಶಾಸಕರೂ ಬಾತುಕೋಳಿ ಬೇಟೆಗೆ ಹೋಗಿದ್ದರು. ಕರೆದೊಯ್ದದ್ದು ರೈಲು ಕಂಪನಿಯ ಬಿಟ್ಟಿ ಡಬ್ಬಿ. ಆ ರೈಲಿನ ಧಣಿಯೇ ಗಣಿಯ ಧಣಿ. ಓಟು ಸಾಲದೆ ಮಸೂದೆ ಬಿದ್ದುಹೋಯಿತು.

ಏಪ್ರಿಲಿನಲ್ಲಿ ಬಾವಿಯ ಬಾಯಿಂದ ಹೊಗೆ ಎದ್ದಾಗ ಪ್ರೈಸ್ ಲಾಯಕ್ಕೆ ಓಡಿಬಂದು ಕೂಗಿದ್ದ: "ಕೆಳಗೆ ಹೇಸರಗತ್ತೆ ಎಷ್ಟವೆ?"

"ಹನ್ನೊಂದು," ಎಂದಿತ್ತು ಫಿಂಟನ್‌ನ ನಾಲಿಗೆ. ತಡವರಿಸಲೂ ಇಲ್ಲ. ಪ್ರೈಸ್ ತಲೆಯಾಡಿಸಿ ಕಚೇರಿಗೆ ಓಡಿದ. ಅವನ ಬೆನ್ನು ಮರೆಯಾದ ಮೇಲೆ ಫಿಂಟನ್‌ಗೆ ಕೆಳಗಿದ್ದ ಟಿಮ್ ನೆನಪಾದ.

ಹತ್ತು ಗಂಟೆಗೆ ಸಾಲು ಹೊರಟಿತು. ನಲವತ್ತು ಕೈಗಳು, ನಲವತ್ತು ಹಳದಿ ಚೀಟಿಗಳು. ಮುಂದೆ ಫಿಂಟನ್. ಬೀದಿಯ ತಿರುವಿನಲ್ಲಿ ಟಿಮ್‌ನ ವಿಧವೆ ಹೊನೋರಾ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಂಟಿ ಗಂಡಸರ ಬಟ್ಟೆ ಒಗೆದೇ ಈಗ ಅವಳ ಜೀವನ. ತೋಳಿನ ತುದಿ ಹಿಡಿದು ಸಿಕ್ಕಿಸಿದ್ದ ಅಂಗಿಗಳು ಚಳಿಗೆ ಸೆಟೆದು, ಕೈ ಮೇಲೆತ್ತಿದ ಗಂಡಸರ ಹಾಗೆ ತಂತಿಯಲ್ಲಿ ನಿಂತಿದ್ದವು. ಅವಳು ತಲೆಯೆತ್ತಿ ಸಾಲನ್ನು ನೋಡಿದಳು. ಮತ್ತೆ ಬಟ್ಟೆಯ ಬಾನಿಯತ್ತ ಬಾಗಿದಳು.

ಪೆಟ್ಟಿಗೆ ಇನ್ನು ಎಂಟು ಹೆಜ್ಜೆ ದೂರವಿತ್ತು. ಫಿಂಟನ್ ಕೈ ಇಳಿಸಿದ.

ಹಳದಿ ಚೀಟಿ ಕೆಸರಿಗೆ ಬಿತ್ತು. ಓಟಿನ ಕೊಠಡಿಯ ಬಾಗಿಲ ಬಳಿ ಯಾರೂ ಮಾತಾಡಿಸದೆ ನಿಂತಿದ್ದ, ಬಿಳಿ ಚೀಟಿ ಹಂಚುವವನ ಮುಂದೆ ಅಂಗೈ ಚಾಚಿದ. "ಕೊಡಯ್ಯ ಒಂದು." ಅವನೇ ಹೆದರಿ ಕಿಟಕಿಯತ್ತ ನೋಡಿ ಕೊಟ್ಟ.

ಪೆಟ್ಟಿಗೆಗೆ ಬಿಳಿ ಚೀಟಿ ಬೀಳುವಷ್ಟರಲ್ಲಿ ಪ್ರೈಸ್ ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಬೀದಿಗೆ ಬಂದ. "ಬೋಳಿಮಗನೇ! ಉಂಡ ಮನೆಗೇ ಉಚ್ಚೆ ಹುಯ್ತೀಯಾ? ಬೈಗಾಗೋದ್ರೊಳ್ಗೆ ಮನೆ ಖಾಲಿ ಮಾಡು!"

ಫಿಂಟನ್ ತಿರುಗಿ ಸಾಲನ್ನು ನೋಡಿದ. ಒಂದು ಕೈಯೂ ಇಳಿದಿರಲಿಲ್ಲ. ಅವರಿಗೆ ಹಾಗೆ ಕಲಿಸಿದವನು ಅವನೇ.

ಹೊನೋರಾಳ ಬೇಲಿಯ ಹತ್ತಿರ ಕಾಲುಗಳು ತಾವಾಗಿಯೇ ನಿಂತವು.

"ಕೈ ಇಳ್ಸಿದೆ," ಎಂದ.

"ನೋಡ್ದೆ."

"ಟಿಮ್ ಕೈ ಎತ್ಸಿದ್ದೂ ನಾನೇ."

"ಗೊತ್ತು ಕಣಣ್ಣ. ಅವತ್ತೇ ನಗಾಡ್ಕೊಂಡ್ ಹೇಳ್ದ, ಫಿಂಟನಣ್ಣ ಮಣಿಕಟ್ಟು ನುಲಿದಾಕ್ಬುಟ್ಟ ಅಂತ. ರಾತ್ರಿ ಎಣ್ಣೆ ಹಚ್ಚಿದ್ದೆ."

ಅಲ್ಲಿಗೇ ಹೊರಟುಬಿಡಬಹುದಿತ್ತು. ಅವನು ಬೇಲಿಯ ಗೂಟ ಹಿಡಿದುಕೊಂಡ. "ಬೆಂಕಿ ದಿನ ಪ್ರೈಸು ಓಡ್ಬಂದ. ಕೆಳಗೆ ಕತ್ತೆ ಎಷ್ಟವೆ ಅಂದ. ಹನ್ನೊಂದು ಅಂದೆ."

ಹೊನೋರಾಳ ಕೈ ಬಾನಿಯೊಳಗೇ ನಿಂತಿತು. "ಜನ ಎಷ್ಟವ್ರೆ ಅಂತ?"

"ಅವ್ನು ಕೇಳ್ಲಿಲ್ಲ."

"ನೀನೂ ಹೇಳ್ಲಿಲ್ಲ."

ಅವನು ತಲೆ ತಗ್ಗಿಸಿದ. ಆಮೇಲೆ ಅವಳು ನೀರೊಳಗಿಂದ ದಪ್ಪನೆಯ ಹೊದಿಕೆಯೊಂದನ್ನು ಎಳೆದು, ಅದರ ಒಂದು ತುದಿಯನ್ನು ಬೇಲಿಯ ಮೇಲಿಂದ ಅವನತ್ತ ಎಸೆದಳು.

"ಹಿಡಿ. ಒಬ್ಬಳ ಕೈಲಿ ಹಿಂಡಾಕಾಗಾಕಿಲ್ಲ. ಆ ತುದಿ ಹಿಡೀತಿದ್ದೋನು ಈಗಿಲ್ಲ."

ಅವನು ಆ ಕಡೆ, ಅವಳು ಈ ಕಡೆ ನುಲಿದರು. ಮಂಜಿನಷ್ಟು ತಣ್ಣಗಿನ ನೀರು ಅವನ ಮಣಿಕಟ್ಟಿನಿಂದ ತೋಳಿನೊಳಕ್ಕೆ ಇಳಿಯಿತು. ಬೆರಳು ಮರಗಟ್ಟಿದವು. ಅವನು ನುಲಿಯುತ್ತಲೇ ಇದ್ದ. ನೀರು ತೊಟ್ಟಿಕ್ಕುವುದು ನಿಂತ ಮೇಲೂ ಅವಳು ಸಾಕು ಎನ್ನಲಿಲ್ಲ.