ಬಾಗಜ್ಜಿಯ ಕತ್ತರಿ

ನಮ್ಮ ಮನೆಯ ಗಂಡಸರ ಮಾತನ್ನು ನಂಬಬೇಕೋ ಬೇಡವೋ ಎಂದು ತಿಳಿಯಲು ಮುಖ ನೋಡಿ ಪ್ರಯೋಜನವಿಲ್ಲ, ಬಲಗೈ ಎಲ್ಲಿದೆ ಅಂತ ನೋಡಬೇಕು. ಕೈ ಕುಷ್ಟಜ್ಜನ ಪಟದ ಮೇಲಿದ್ದರೆ ಆ ಮಾತು ಮಾತು. ಬೇರೆ ಎಲ್ಲಿದ್ದರೂ ಅದು ಗಾಳಿಗೆ ಹೋಗುವ ಮಾತು.

ಕುಷ್ಟಜ್ಜ ಅಂದರೆ ನನ್ನ ಗಂಡ ಪಾಂಡು ಅವರ ಮುತ್ತಜ್ಜ. ಬ್ರಿಟಿಷರ ಕಾಲದಲ್ಲಿ ಮರವಂತೆಯ ಗಡಂಗು, ಅಂದರೆ ಹೆಂಡದಂಗಡಿ, ಅವನೊಬ್ಬನಿಂದಲೇ ನಡೆಯುತ್ತಿತ್ತು ಎನ್ನುವಷ್ಟು ಕುಡಿಯುತ್ತಿದ್ದನಂತೆ. ಒಂದು ದಿನ ಕುಡಿತ ಬಿಡಿಸುವ ಚಳವಳಿಯವರು ಬಂದು ಗಡಂಗಿನ ಬಾಗಿಲಿಗೆ ಅಡ್ಡ ಕೂತು ಭಜನೆ ಹಾಡಿದರು. ಅಜ್ಜ ಇನ್ನು ಕುಡಿಯುವುದಿಲ್ಲ ಅಂತ ಆಣೆ ಹಾಕಿ, ಕೈಯಲ್ಲಿದ್ದ ಹೆಂಡದ ಮಡಕೆಯನ್ನು ಎತ್ತಿ ಹೊಳೆಗೆ ಎಸೆದ. ಕಡಲು ಅಷ್ಟೇ ಹತ್ತಿರ ಇದ್ದರೂ ಹೊಳೆಗೇ ಯಾಕೆ ಎಸೆದ ಅಂದರೆ, ಕಡಲಿಗೆ ಹಾಕಿದರೆ ತೆರೆ ತಿರುಗಿ ತಂದು ಕೊಟ್ಟೀತು, ತಾನು ತೆಗೆದುಕೊಂಡೇನು ಎಂಬ ಹೆದರಿಕೆಯಂತೆ. ತನ್ನನ್ನು ತಾನು ಇಷ್ಟು ಚೆನ್ನಾಗಿ ಬಲ್ಲ ಗಂಡಸು ಈ ಮನೆಯಲ್ಲಿ ಆಮೇಲೆ ಹುಟ್ಟಲಿಲ್ಲ ಅಂತ ನಾನು ಬಹಳ ಕಾಲ ತಿಳಿದಿದ್ದೆ.

ಪಟದಲ್ಲಿ ಅಜ್ಜನಿಗೆ ಕೆಂಪು ಮುಂಡಾಸು, ಹುರಿ ಮೀಸೆ, ಹಿತ್ತಾಳೆ ಗುಂಡಿಯ ಕೋಟು. ಮೀನು ಹಿಡಿಯುವವನಿಗೆ ಕೋಟು ಎಲ್ಲಿಂದ ಬಂತು ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಆಣೆ ಕೇಳಿ ಮೆಚ್ಚಿದ ಕಲೆಕ್ಟರ್ ದೊರೆ ಕೊಟ್ಟದ್ದು ಅಂದರು. ಬಲಗೈ ಮೊಣಕೈಯಿಂದ ಮುಂದೆ ಇಲ್ಲವಲ್ಲ ಅಂದದ್ದಕ್ಕೆ, ಅದು ಫೋಟೋ ತೆಗೆದವನ ತಪ್ಪು ಅಂದರು. ನಾನು ಬೈಂದೂರಿನಿಂದ ಬಂದ ಹೊಸ ಸೊಸೆ, ಬಾಯಿ ಮುಚ್ಚಿಕೊಂಡೆ. ಅದೇ ಮೊದಲು, ಅದೇ ಕೊನೆ.

ಮಳೆಗಾಲದ ರಜೆ ಮುಗಿದು ಬೋಟು ಕಡಲಿಗಿಳಿಯುವ ದಿನ ಮನೆಯ ಗಂಡಸರೆಲ್ಲ ಆ ಪಟದ ಮೇಲೆ ಕೈಯಿಟ್ಟು, ಈ ವರ್ಷ ಕುಡಿಯುವುದಿಲ್ಲ ಅಂತ ಆಣೆ ಹಾಕುತ್ತಾರೆ. ಹಾಕಿದ ಆಣೆ ಮುರಿದವರಿಲ್ಲ. ನನ್ನ ಗಂಡ, ಇವರು ಮಾತ್ರ ಹನ್ನೊಂದು ವರ್ಷ ಕೈ ಇಡಲೇ ಇಲ್ಲ. ಚಿಕ್ಕಪ್ಪ, ಅಣ್ಣ ಎಲ್ಲ ಒಳಗೆ ಆಣೆ ಹಾಕುವಾಗ ಅಂಗಳದಲ್ಲಿ ನಿಂತಿರುತ್ತಿದ್ದರು. "ನಾಳೆ ಕುಡಿವವ ಇವತ್ತ್ ಕೈ ಇಟ್ರೆ ಅಜ್ಜಂಗೆ ಮರ್ಯಾದಿ ಅಲ್ಲ" ಅನ್ನುತ್ತಿದ್ದರು. ಹೇಳಿದಂತೆ ಮರುದಿನ ಕುಡಿಯುತ್ತಲೂ ಇದ್ದರು. ಹೊಡೆದವರಲ್ಲ, ಬೈದವರಲ್ಲ. ಬಂದು ಗೋಡೆಗೆ ಒರಗಿ ಅಳುತ್ತಿದ್ದರು. ಹೊಡೆಯುವ ಗಂಡನಾದರೆ ತಿರುಗಿ ಎರಡು ಕೊಡಬಹುದು, ಅಳುವ ಗಂಡನನ್ನು ಏನು ಮಾಡುವುದು ಹೇಳಿ?

ಕಳೆದ ಆಗಸ್ಟಿನಲ್ಲಿ ಯಾರೂ ಕರೆಯದೆ ಅಂಗಳದಿಂದ ಒಳಗೆ ಬಂದರು. ಕೈ ತೊಳೆದು ಪಟದ ಮೇಲೆ ಇಟ್ಟರು. ಪಟ ಗೋಡೆಗೆ ಬಡಿದು ಟಕಟಕ ಅಂದದ್ದು ನನಗೆ ಇನ್ನೂ ಕೇಳಿಸುತ್ತದೆ. ಅಲ್ಲಿಂದ ಈಚೆಗೆ ಏಳು ತಿಂಗಳು, ಒಂದು ತೊಟ್ಟೂ ಇಲ್ಲ. ಆದರೂ ಸಂಜೆ ಗಂಗೊಳ್ಳಿ ಬಂದರಿನಿಂದ ಬಂದಾಗ ಚೀಲ ಇಸಿದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಮೂಸುವುದು ನನಗೆ ಅಭ್ಯಾಸ. ಬರೀ ಮೀನಿನ ವಾಸನೆ ಬಂದ ದಿನ ಊಟ ರುಚಿ.

ಹೀಗಿರುವಾಗ ಧನ್ಯಶ್ರೀ ಬಂದಳು. ಬ್ರಹ್ಮಾವರದ ಹುಡುಗಿ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಹೈವೇ ಬದಿಯಲ್ಲಿರುವ ನನ್ನ ಹೊಲಿಗೆ ಅಂಗಡಿಗೆ ಒಂದು ರಾಶಿ ಕಪ್ಪು ಬಟ್ಟೆ ತಂದು ಅಂಚು ಹೊಲಿದು ಕೊಡಿ ಅಂದಳು. ಕುಂದಾಪುರದಲ್ಲಿ ಶನಿವಾರದಿಂದ ಬ್ರಿಟಿಷರ ಕಾಲದ ಜಾಹೀರಾತುಗಳ ಪ್ರದರ್ಶನವಂತೆ, ಇದು ಅದರ ಪರದೆಗೆ. ಸಾಬೂನು, ಚಹಾ, ತಲೆನೋವಿನ ಮುಲಾಮು, ಎಲ್ಲದರ ಹಳೆಯ ಚಿತ್ರ ಕೂಡಿಸಿದ್ದಳು.

"ಒಂದೇ ಪೇಪರ್ ಅಕ್ಕಾ. ಮೇಲೆ ಗಡಂಗಿನ ಎದುರು ಸತ್ಯಾಗ್ರಹ ಕೂತವರ ಸುದ್ದಿ, ಕೆಳಗೆ ಬಾಣಂತಿಗೆ ಬ್ರಾಂಡಿ ಒಳ್ಳೇದ್ ಅಂತ ಜಾಹೀರಾತ್."

"ಈಗ್ಳೂ ಹಾಂಗೇ ಅಲ್ದಾ? ಟಿವಿಯಲ್ಲಿ ಸೋಡಾ ತೋರ್ಸಿ ಎಂತ ಮಾರ್ತ್ರ್ ಅಂತ ನಂಗ್ ಗೊತ್ತಿಲ್ಯಾ?" ಅಂದೆ.

ಅವಳು ನಕ್ಕಳು. ನನಗೆ ಹುರುಪು ಬಂತು. ಕುಷ್ಟಜ್ಜನ ಕತೆಯನ್ನು ಮಡಕೆಯಿಂದ ಹಿಡಿದು ಕಲೆಕ್ಟರರ ಕೋಟಿನವರೆಗೆ ಹೇಳಿಬಿಟ್ಟೆ. ಕೇಳಿದವಳು ಕುಣಿದಾಡುವುದೊಂದು ಬಾಕಿ. ಕುಡಿತ ಬಿಟ್ಟ ಈ ಕಡೆಯ ಜನರ ಒಂದೂ ಫೋಟೋ ಸಿಕ್ಕಿಲ್ಲ, ಆ ಪಟ ಎರಡು ದಿನಕ್ಕೆ ಕೊಡಲೇಬೇಕು ಅಂದಳು. ನಾನು ಒಪ್ಪಿದೆ. ಇವರೂ, ಪಟವನ್ನು ಶನಿವಾರ ನಾನೇ ಬೈಕಿನಲ್ಲಿ ಒಯ್ಯುತ್ತೇನೆ ಅಂದರು. ಅತ್ತೆ ಕುಸುಮಾವತಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೀನು ಕೊಯ್ಯುತ್ತಿದ್ದವರು ಕೊಯ್ಯುತ್ತಲೇ ಇದ್ದರು.

ಗುರುವಾರ ಧನ್ಯಶ್ರೀ ಪರದೆ ಒಯ್ಯಲು ಬಂದಳು. ಪ್ರದರ್ಶನದ ಆಮಂತ್ರಣ ಪತ್ರ ಕೊಟ್ಟು, "ಇದರಲ್ಲಿರುವ ಚಿತ್ರ ನಮ್ಮ ಪ್ರದರ್ಶನಕ್ಕೇ ಭೂಷಣ ಅಕ್ಕಾ" ಅಂದಳು. ಯಾವುದೋ ಹಂಸ ಮಾರ್ಕಿನ ಬ್ರಾಂಡಿಯ ಕ್ಯಾಲೆಂಡರು, 1934ರದ್ದು. ಕುರ್ಚಿಯಲ್ಲಿ ಒಬ್ಬ ಕೂತಿದ್ದಾನೆ. ಕೆಂಪು ಮುಂಡಾಸು, ಹುರಿ ಮೀಸೆ, ಹಿತ್ತಾಳೆ ಗುಂಡಿಯ ಕೋಟು. ಬಲಗೈ ಪೂರ್ತಿ ಇದೆ. ಕೈಯಲ್ಲಿ ಗ್ಲಾಸು.

ನಮ್ಮ ಗೋಡೆಯ ಕುಷ್ಟಜ್ಜನೇ. ಆಮಂತ್ರಣ ಎಲ್ಲೆಲ್ಲಿ ಹಂಚಿದ್ದೀರಿ ಅಂತ ಕೇಳಿದೆ. ಕುಂದಾಪುರ, ಗಂಗೊಳ್ಳಿ, ಬಂದರಿನ ಚಹಾದಂಗಡಿಯಲ್ಲೂ ಅಂಟಿಸಿದ್ದೇವೆ ಅಂದಳು ಪಾಪ, ಹೆಮ್ಮೆಯಿಂದ.

ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದೆ. ಪಟ ಇಳಿಸಿ ಹಿಂದಿನ ಹಲಗೆ ಬಿಚ್ಚಿದೆ. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಕತ್ತರಿಯ ದಾರಿ ಕಂಡರೆ ಗೊತ್ತಾಗುವುದಿಲ್ಲವೇ? ಮೊಣಕೈಯ ಹತ್ತಿರ ಕಾಗದದ ಅಂಚು ಒಳಕ್ಕೆ ದುಂಡಗೆ ತಿರುಗಿ ಹೊರಗೆ ಬಂದಿತ್ತು. ಗ್ಲಾಸಿನ ಒಂದು ಚೂರೂ ಉಳಿಯದ ಹಾಗೆ, ನಿಧಾನವಾಗಿ, ನೋಡಿ ನೋಡಿ ಕತ್ತರಿಸಿದ್ದು.

"ಬಾಗಜ್ಜಿ ಕತ್ತರ್ಸದ್ ಅದ್" ಅಂದರು ಅತ್ತೆ ಹಿಂದಿನಿಂದ. ಬಾಗಿ ಅಂದರೆ ಕುಷ್ಟಜ್ಜನ ಹೆಂಡತಿ.

"ನಿಮ್ಗ್ ಗೊತ್ತಿತ್ತಾ?"

"ನಂಗೆ ನನ್ನ ಅತ್ತಿ ಹೇಳಿದ್ದ್. ಅವ್ರಿಗೆ ಬಾಗಜ್ಜಿ. ನಿಂಗೆ ನಾನ್ ಹೇಳ್ಕ್ ಅಂತ ಇದ್ದೆ. ಗಂಡ್ಸ್ರಿಗೆ ಹೇಳುದ್ ಇಲ್ಲೆ."

ಅತ್ತೆ ಕೂತು ಹೇಳಿದರು. ಕುಷ್ಟಜ್ಜನ ಫೋಟೋ ಯಾರೂ ತೆಗೆದೇ ಇರಲಿಲ್ಲ. ಹೊಳೆಗೆ ಮಡಕೆ ಎಸೆದದ್ದು ನಿಜ, ಆದರೆ ಒಂದಲ್ಲ, ಐದು. ಎಸೆದು ಹದಿನೈದು ದಿನಕ್ಕೆ ಮತ್ತೆ ಹೋಗುತ್ತಿದ್ದ. ನಾಲ್ಕನೆಯ ಸಲ ಆಣೆ ಮುರಿದಾಗ ಬಾಗಜ್ಜಿ ಕುಂದಾಪುರ ಪೇಟೆಗೆ ಮೀನು ಮಾರಲು ಹೋದವಳು, ಒಂದು ಅಂಗಡಿಯ ಗೋಡೆಯಲ್ಲಿ ಈ ಕ್ಯಾಲೆಂಡರ್ ಕಂಡಳು. ಅಜ್ಜನದ್ದೇ ಮೂಗು, ಅಜ್ಜನದ್ದೇ ಮೀಸೆ, ಅಜ್ಜನಂತೆಯೇ ಕೈಯಲ್ಲಿ ಕುಡಿಯುವ ಗ್ಲಾಸು. ಮೀನು ಕೊಟ್ಟು ಅದನ್ನು ಕೇಳಿ ತಂದಳು. ಬಲೆಯ ನೂಲು ಕತ್ತರಿಸುವ ಕತ್ತರಿಯಲ್ಲಿ ಗಂಡನ ಎದುರೇ ಕೂತು ಗ್ಲಾಸು ಹಿಡಿದ ಕೈಯನ್ನು ಕತ್ತರಿಸಿದಳು. "ನಿನ್ನ್ ನಾನ್ ಹೀಂಗೆ ಇಟ್ಕಂತೆ" ಅಂದಳಂತೆ. ಐದನೆಯ ಮಡಕೆ ಬಿದ್ದದ್ದು ಆಮೇಲೆ. ಅದೇ ಕೊನೆಯದು.

"ಪಟದ ಗಾಜ್ ಒಡ್ದೋಯ್ತ್, ಕೊಡುಕ್ ಆತಿಲ್ಲೆ ಅಂತ ಹೇಳ್" ಅಂದರು ಅತ್ತೆ. "ಅಂವ ಏಳ್ ತಿಂಗ್ಳ್ ಕುಡೀದೆ ನಿಂತಿದ್ದ, ಹೆಣ್ಣೇ. ಕೆಡವ್ಬೇಡ."

ಅವರ ಕಣ್ಣಲ್ಲಿ ನೀರಿತ್ತು, ನನಗೂ ಬಂತು. ಆದರೆ ಚಿತ್ರ ಬಂದರಿನ ಚಹಾದಂಗಡಿಯಲ್ಲಿ ಅಂಟಿದೆ. ಬೋಟಿನವರು ಕಂಡು, ನಿಮ್ಮಜ್ಜ ಬ್ರಾಂಡಿ ಮಾರುತ್ತಿದ್ದನಾ ಪಾಂಡು ಅಂತ ನಗುವ ಮೊದಲು ನಾನು ಹೇಳಬೇಕು. ಅದಕ್ಕಿಂತ ದೊಡ್ಡ ಮಾತು, ಸುಳ್ಳು ಆಣೆ ಬೇಡ ಅಂತ ಹನ್ನೊಂದು ವರ್ಷ ಅಂಗಳದಲ್ಲಿ ನಿಂತ ಮನುಷ್ಯನಿಗೆ ನಾವು ಹೆಂಗಸರು ಸುಳ್ಳು ಪಟ ಕೊಡುವುದು ನನ್ನಿಂದಾಗಲಿಲ್ಲ.

ಮರುದಿನ ಬೋಟಿನ ಇಂಜಿನ್ ಕೆಟ್ಟು ಇವರು ಮನೆಯಲ್ಲೇ ಇದ್ದರು. ತೆಂಗಿನ ಬುಡದಲ್ಲಿ ಬಲೆ ಸರಿ ಮಾಡುತ್ತಿದ್ದರು. ಆಮಂತ್ರಣ ಮುಂದಿಟ್ಟು ಎಲ್ಲ ಹೇಳಿದೆ. ಐದು ಮಡಕೆಯನ್ನೂ ಬಿಡಲಿಲ್ಲ.

ಇವರು ಬಲೆ ಬಿಟ್ಟು ಚಿತ್ರ ಕೈಗೆತ್ತಿಕೊಂಡರು. "ಹಂಗಾರೆ ನಾನ್ ಆಣಿ ಹಾಕದ್ ಯಾರ್ ಮೇಲೆ?" ಅಂದರು.

ಆಮಂತ್ರಣವನ್ನು ಕಿಸೆಗೆ ಹಾಕಿ, ಬೈಕಿನ ಕೀ ತೆಗೆದುಕೊಂಡು ಹೊರಟರು. ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ಗಾಡಿ ಅಂಗಳ ದಾಟಿತ್ತು. ಹೈವೇಯಲ್ಲಿ ಯಾವ ಕಡೆ ಹೋದರೂ ವೈನ್ ಶಾಪು ಸಿಗುತ್ತದೆ, ಆ ಸೌಕರ್ಯಕ್ಕೇನು ಕಡಿಮೆ ಇಲ್ಲ ನಮ್ಮಲ್ಲಿ.

ಆ ಮಧ್ಯಾಹ್ನ ನಾನು ಒಂದು ರವಕೆಗೆ ಎರಡೂ ಎಡತೋಳು ಹೊಲಿದೆ. ಅತ್ತೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೇಳದಿದ್ದರೇ ಆಗುತ್ತಿತ್ತು, ಸತ್ಯ ಹೇಳಿ ಯಾರನ್ನು ಉದ್ಧಾರ ಮಾಡಿದೆ ಅಂತ ನನ್ನನ್ನು ನಾನೇ ಬೈದುಕೊಂಡೆ. ಮೂರು ಸಲ ರಸ್ತೆಗೆ ಹೋಗಿ ಬಂದೆ. ಗೋಡೆಯಲ್ಲಿ ಪಟ ಇದ್ದ ಜಾಗ ಚೌಕಾಕಾರವಾಗಿ ಬೆಳ್ಳಗೆ ಕಾಣುತ್ತಿತ್ತು.

ಸೂರ್ಯ ಕಡಲಿಗೆ ಇಳಿಯುವ ಹೊತ್ತಿಗೆ ಬೈಕಿನ ಸದ್ದಾಯಿತು. ನಾನು ಎಂದಿನಂತೆ ಚೀಲ ಇಸಿದುಕೊಳ್ಳುವವಳ ಹಾಗೆ ಹತ್ತಿರ ಹೋದೆ. ಅವತ್ತು ಕೈಯಲ್ಲಿ ಚೀಲವೇ ಇರಲಿಲ್ಲ.

"ಸುತ್ತಿ ಬಳಸಿ ಎಂತಕ್ ಬಪ್ಪುದ್? ಮೂಸಿ ಕಾಣ್" ಅಂದರು. ಮುಖಕ್ಕೇ ಉಸಿರು ಬಿಟ್ಟರು.

ಬನ್ಸು, ಚಹಾ. ಬೇರೆ ಏನಿಲ್ಲ. ಏಳು ತಿಂಗಳಿಂದ ನಾನು ಮೂಸುವುದು ಇವರಿಗೆ ಗೊತ್ತಿತ್ತು! ನಾನು ನಗಲಿಕ್ಕೆ ಹೋಗಿ ಅತ್ತುಬಿಟ್ಟೆ.

ಕುಂದಾಪುರಕ್ಕೆ, ಧನ್ಯಶ್ರೀ ಪ್ರದರ್ಶನ ಸಜ್ಜು ಮಾಡುತ್ತಿದ್ದಲ್ಲಿಗೆ ಹೋಗಿದ್ದರಂತೆ, ಅಸಲಿ ಕ್ಯಾಲೆಂಡರು ನೋಡಲಿಕ್ಕೆ. "ದಾರಿಯಲ್ಲಿ ಎರಡ್ ಸಲ ಗಾಡಿ ನಿಲ್ಸ್ದೆ. ಎರಡ್ ಸಲವೂ ಹೊರಟೆ" ಅಂದರು. ಎಲ್ಲಿ ನಿಲ್ಲಿಸಿದ್ದು ಅಂತ ನಾನು ಕೇಳಲಿಲ್ಲ. "ಗ್ಲಾಸ್ ಭರ್ತಿ ಇತ್ತ್ ಮಾರಾಯ್ತಿ. ಕಾಲಿ ಅಲ್ಲ. ಬಾಗಜ್ಜಿ ಭರ್ತಿ ಗ್ಲಾಸನ್ನೇ ಕತ್ತರ್ಸಿದ್."

"ನಾಳೆ ಪಟ ಕೊಡುದಾ, ಬ್ಯಾಡ್ದಾ?"

"ಕೊಡುದೇ. ಕ್ಯಾಲೆಂಡರಿನ ಬದಿಯಲ್ಲೇ ಹಾಕುಕ್ ಹೇಳಿದ್ದೆ. ಎಲ್ಲರೂ ಕಾಣ್ಲಿ."

ಒಳಗೆ ಬಂದು ನನ್ನ ಹೊಲಿಗೆ ಮೇಜಿನ ಎದುರು ಕೂತರು. ಕಿಸೆಯಿಂದ ಆಮಂತ್ರಣ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕೆಂಪು ಮುಂಡಾಸಿನವನು ಗ್ಲಾಸು ಹಿಡಿದು ನಗುತ್ತಿದ್ದ.

"ನಿನ್ನ ಕತ್ತರಿ ತಾ."

ನನ್ನ ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಯಾರೂ ಮುಟ್ಟುವಂತಿಲ್ಲ. ಕಾಗದ ಕತ್ತರಿಸಿದರೆ ಮೊಂಡಾಗುತ್ತದೆ. ಇದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಕೊಡಲು ಹೋದೆ. ಇವರು ತೆಗೆದುಕೊಳ್ಳಲಿಲ್ಲ.

"ನಂಗಲ್ಲ. ಅದ್ ಬಾಗಜ್ಜಿ ಕುಷ್ಟಜ್ಜಂಗೆ ಕತ್ತರ್ಸದ್. ನಂಗೆ ನೀನ್ ಕತ್ತರ್ಸ್."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ನಾನು ಮೊಣಕೈಯ ಹತ್ತಿರ ಕತ್ತರಿ ಇಟ್ಟೆ. ಎಷ್ಟೋ ಮದುವೆಯ ರೇಷ್ಮೆ ಕತ್ತರಿಸಿದ ಕೈ. ಆದರೂ ಬಾಗಜ್ಜಿಯಷ್ಟು ಚಂದ ಬರಲಿಲ್ಲ, ಗ್ಲಾಸು ಬಳಸುವಲ್ಲಿ ಗೆರೆ ಸೊಟ್ಟವಾಯಿತು. ತುಂಡು ಕೆಳಗೆ ಬಿತ್ತು. ಇವರು ಆ ಸೊಟ್ಟ ಅಂಚಿನ ಮೇಲೆ ಬಲಗೈ ಇಟ್ಟರು.