ಹಾಸಿನ ಮೊದಲ ಸೀರೆ

"ಇದು ಮಾರಾಕ ತಂದಿದ್ದಲ್ರಿ ಅಯ್ಯನೋರ. ನಿಮಗ ಕೊಡಾಕ ತಂದೀನಿ," ಎಂದು ಸೀರೆ ನೇಯುವ ಬುಚ್ಚಮ್ಮ ಮಡಿಸಿದ ಸೀರೆಯನ್ನು ಗಲ್ಲಾದ ಮೇಲಿಟ್ಟಳು.

ನಾರಾಯಣಪೇಟೆಯಲ್ಲಿ ನೂಲಿನ ಅಂಗಡಿ ಇಟ್ಟಿರುವ ಕರಿಬಸಯ್ಯ ಪುಕ್ಕಟೆ ಕೊಡುವವನೂ ಅಲ್ಲ, ಪುಕ್ಕಟೆ ಸಿಕ್ಕೀತೆಂದು ನಂಬುವವನೂ ಅಲ್ಲ. ಅಂಚು ಸವರಿದ. ಮೂಲೆಯಲ್ಲಿ ಅರಿಶಿನದ ಗುರುತಿತ್ತು. ಮಗ್ಗಕ್ಕೆ ಏರಿಸಿದ ಹೊಸ ಹಾಸಿನ ಉದ್ದೆಳೆಗಳಲ್ಲಿ ನೇಯ್ದು ಕೊಯ್ದ ಮೊದಲ ಸೀರೆಗೆ ಅರಿಶಿನ ಹಚ್ಚಿ, ಯಾರ ಋಣದಲ್ಲಿ ಮಗ್ಗ ನಡೆಯುತ್ತದೋ ಅವರ ಮುಂದಿಡುವುದು ಬುಚ್ಚಮ್ಮನ ಮನೆಯ ಪದ್ಧತಿ. ಪ್ರತಿಸಲ ದೇವರ ಮುಂದಿಟ್ಟು ಆಮೇಲೆ ಮಾರುತ್ತಿದ್ದಳು. ದೇವರು ಸೀರೆ ಇಟ್ಟುಕೊಳ್ಳುವುದಿಲ್ಲ. ಸಾಹುಕಾರ ಇಟ್ಟುಕೊಂಡರೆ ಮನೆಯಲ್ಲಿ ಒಲೆ ಹತ್ತುವುದು ಕಷ್ಟ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನಗ್ಯಾಕವ್ವ?"

"ಕಣ್ಣು ಕೊಟ್ಟೋರು ನೀವಲ್ಲೇನ್ರಿ? ಸರ್ಕಾರಿ ದವಾಖಾನ್ಯಾಗ ಪೊರಿ ತೆಗೆದ್ರು, ಪೈಸೆ ಕೇಳಲಿಲ್ಲ. ಈಗ ಹರಿದ ಎಳಿ ಕಾಣತಾವ, ಮೊಮ್ಮಗಳ ಮಾರಿ ಕಾಣತೈತಿ. ದವಾಖಾನಿ ನಡಿಯೋದು ನನ್ನ ಟ್ಯಾಕ್ಸಿನ್ಯಾಗ ಅಂತ ನೀವ ಅಂತಿದ್ರಲ್ರಿ."

ಅಂದದ್ದು ನಿಜ. ಆದಾಯ ತೆರಿಗೆ ಕಟ್ಟುವ ಕಾಲ ಬಂತೆಂದರೆ ಕರಿಬಸಯ್ಯ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳಿ ತಲೆ ತಿನ್ನುತ್ತಿದ್ದ. ಒಬ್ಬರಾದರೂ ಉಪಕಾರ ನೆನೆದಿರಲಿಲ್ಲ. ಈಗ ಒಬ್ಬಳು ನೆನೆದಾಗ ಅವನ ಎದೆ ತುಂಬಿ ಬಂತು. ಸೀರೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಚಹಾ ತಂದ ಹೆಂಡತಿ ಅನ್ನಮ್ಮ ಬಾಗಿಲಲ್ಲೇ ನಿಂತಳು. "ಇಟ್ಕೋರಿ, ಇಟ್ಕೋರಿ," ಎಂದಳು. "ಹೋದ ತಿಂಗಳು ಆಕಿ ನೂಲು ಒಯ್ದಾಗ ಜಿಎಸ್‌ಟಿ ಯಾರು ಕೊಟ್ಟಿದ್ರು? ನೀವೇನು?"

ಕರಿಬಸಯ್ಯ ಸೀರೆಯ ಮೇಲಿಂದ ಕೈ ತೆಗೆದ. ಸುಮ್ಮನಿದ್ದರೆ ಸೀರೆಯೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ಕುಂದ್ರು ಬುಚ್ಚಮ್ಮ," ಎಂದ. "ನಾ ಕಟ್ಟೋದು ಖರೆ. ಆದ್ರ ಗಳಿಕಿ ಇದ್ರ ಕಟ್ಟತೀನಿ, ಇಲ್ಲಂದ್ರ ಇಲ್ಲ. ನೀ ನೂಲು ತಗೊಂಡ್ರೂ ಕಟ್ಟತಿ, ಸಾಬೂನು ತಗೊಂಡ್ರೂ ಕಟ್ಟತಿ. ನನ್ನ ಸಾಬೂನಿಗೆ ಎಷ್ಟೋ ನಿನ್ನ ಸಾಬೂನಿಗೂ ಅಷ್ಟ. ಮಗ್ಗ ನಿಂತ್ರೂ ಅದು ಬಿಡಂಗಿಲ್ಲ."

"ನಾನಾ? ದವಾಖಾನಿಗೆ?"

"ಹೂಂ. ನಿನ್ನ ಗಳಿಕಿ ನೋಡಿದ್ರ ನನಗಿಂತ ನಿನಗ ಅದು ಭಾರ." ಎರಡೂ ಕೈಯಲ್ಲಿ ಸೀರೆ ಎತ್ತಿ ಅವಳ ಮಡಿಲಿಗಿಟ್ಟ. "ಒಯ್ದು ದೇವರ ಮುಂದಿಟ್ಟು ಮಾರು. ನಾ ದೇವರಲ್ಲ."

"ಹಂಗಾದ್ರ ನಾ ಯಾರಿಗೆ ಕೈ ಮುಗೀಲ್ರಿ?"

ಬುಚ್ಚಮ್ಮ ಅವನಿಗೂ ಅನ್ನಮ್ಮನಿಗೂ ಕೈ ಮುಗಿದು ಬೀದಿಗಿಳಿದಳು. ಅಂಗಡಿಗಳ ಮುಂದೆ ಜನ ಬೆಂಕಿಪೊಟ್ಟಣ, ಚಹಾಪುಡಿ, ತಲೆಗೆಣ್ಣೆ ಕೊಳ್ಳುತ್ತಿದ್ದರು. ಗುರುತಿಲ್ಲದ ಇವರೆಲ್ಲ ಸೇರಿ ತನಗೆ ಕಣ್ಣು ಕೊಟ್ಟರಲ್ಲ ಎಂದು ಅವಳ ಮನಸ್ಸು ತುಂಬಿತು. ಒಬ್ಬೊಬ್ಬರ ಮುಖವನ್ನೂ ಕಣ್ತುಂಬ ನೋಡುತ್ತ ನಡೆದಳು.

ಕಣ್ಣಿನ ಹನಿ ಮದ್ದು ತರಲು ದವಾಖಾನೆಗೆ ಹೋದಳು. ಅಂಗಳದಲ್ಲಿ ಯಾರೋ ಕೈ ತೊಳೆದು ನಲ್ಲಿಯನ್ನು ಹಾಗೇ ಬಿಟ್ಟು ಹೋಗಿದ್ದರು. ಜನ ನೀರು ದಾಟಿಕೊಂಡು ಓಡಾಡುತ್ತಿದ್ದರು. ಬುಚ್ಚಮ್ಮ ಸೀರೆಯನ್ನು ಕಂಕುಳಲ್ಲಿ ಅವುಚಿಕೊಂಡು ಬಗ್ಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಹನಿ ಪೂರ್ತಿ ನಿಲ್ಲುವ ತನಕ ಅಲ್ಲೇ ನಿಂತಿದ್ದಳು.